ಫುಟ್‌ಬಾಲ್ ಕ್ಲಬ್‌ಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ರಾತ್ರಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯ ಮುಗಿದ ಮೇಲೆ ನಮ್ಮ ಗೆಳೆಯರ ಮಾತು ಗೋಲಿನಿಂದ ಶುರುವಾಗಿ ದುಡ್ಡಿಗೆ ಬಂದು ನಿಲ್ಲುತ್ತದೆ. ಇಷ್ಟು ಕೊಟ್ಟು ಆ ಆಟಗಾರನನ್ನು ಹೇಗೆ ಕೊಂಡರು? ಇಷ್ಟು ಆದಾಯ ಇದ್ದರೂ ನಷ್ಟ ಅಂತಾರಲ್ಲ, ಅದು ಹೇಗೆ? ಹಲವು ವರ್ಷಗಳಿಂದ ಕ್ಲಬ್‌ಗಳ ವಾರ್ಷಿಕ ಲೆಕ್ಕಪತ್ರ ಓದುತ್ತಾ ಬಂದಿದ್ದೇನೆ. ಹಾಗಾಗಿ ಈ ಪ್ರಶ್ನೆಗಳು ನನ್ನ ಕಡೆಗೇ ಬರುತ್ತವೆ. ಜಾಸ್ತಿ ಸಲ ಕೇಳಿದವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊತ್ತಗಳು ಹೆಚ್ಚಾಗಿ ಪೌಂಡ್‌ನಲ್ಲಿವೆ. ಒಂದು ಪೌಂಡ್ ನೂರು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಎಂದು ನೆನಪಿಟ್ಟುಕೊಂಡರೆ ಸಾಕು. ಅಂದರೆ ಒಂದು ಕೋಟಿ ಪೌಂಡ್ ನಮ್ಮ ನೂರು ಕೋಟಿ ರೂಪಾಯಿ ದಾಟುತ್ತದೆ.

ಒಂದು ಕ್ಲಬ್‌ಗೆ ಆದಾಯ ಬರುವ ದಾರಿಗಳು ಎಷ್ಟು?

ಮುಖ್ಯವಾಗಿ ಮೂರು. ಪಂದ್ಯದ ದಿನ ಟಿಕೆಟ್, ಊಟ, ತಿಂಡಿಯಿಂದ ಬರುವುದು ಒಂದು. ಟಿವಿ ಪ್ರಸಾರದ ಹಕ್ಕಿನಿಂದ ಬರುವುದು ಎರಡನೆಯದು. ಸ್ಪಾನ್ಸರ್, ಜೆರ್ಸಿ ತಯಾರಕರ ಒಪ್ಪಂದ, ಅಂಗಡಿ, ಪ್ರವಾಸ, ಇವೆಲ್ಲ ಸೇರಿ ವಾಣಿಜ್ಯ ಆದಾಯ. ಅದು ಮೂರನೆಯದು.

ಮ್ಯಾಂಚೆಸ್ಟರ್ ಯುನೈಟೆಡ್‌ನ 2024-25ರ ಲೆಕ್ಕ ನೋಡಿ. ಒಟ್ಟು ಆದಾಯ 66.65 ಕೋಟಿ ಪೌಂಡ್. ಅದರಲ್ಲಿ ಪಂದ್ಯದ ದಿನದ್ದು 16.03 ಕೋಟಿ, ಟಿವಿಯದು 17.29 ಕೋಟಿ, ವಾಣಿಜ್ಯದ್ದು 33.33 ಕೋಟಿ. ಸರಿಯಾಗಿ ಅರ್ಧ ಭಾಗ ವಾಣಿಜ್ಯದಿಂದಲೇ ಬಂತು. ಆಟಗಾರರನ್ನು ಮಾರಿ ಬಂದ ಲಾಭ ಈ ಮೊತ್ತದಲ್ಲಿ ಸೇರುವುದಿಲ್ಲ. ಅದನ್ನು ಬೇರೆಯಾಗಿ ಬರೆಯುತ್ತಾರೆ.

ಆ ವರ್ಷ ಯುನೈಟೆಡ್ ಲೀಗ್‌ನಲ್ಲಿ 15ನೇ ಸ್ಥಾನಕ್ಕೆ ಬಿದ್ದಿತ್ತಲ್ಲ? ಆದರೂ ದಾಖಲೆ ಆದಾಯ ಹೇಗೆ?

ನನಗೂ ಮೊದಲು ಹುಟ್ಟಿದ ಪ್ರಶ್ನೆ ಇದೇ. ತಂಡ 15ನೇ ಸ್ಥಾನದಲ್ಲಿ ಮುಗಿಸಿತು. ಸ್ಪೇನ್‌ನ ಬಿಲ್ಬಾವೊದಲ್ಲಿ ನಡೆದ, ಯುರೋಪ್‌ನ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ನ ಫೈನಲ್‌ನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಸೋತಿತು. ಯುರೋಪ್‌ನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಆ ವರ್ಷ ಇಲ್ಲದ ಕಾರಣ ಟಿವಿ ಹಣ 22.18 ಕೋಟಿಯಿಂದ 17.29 ಕೋಟಿಗೆ ಇಳಿಯಿತು. ಹೆಚ್ಚುಕಡಿಮೆ ಐದು ಕೋಟಿ ಪೌಂಡ್ ಒಂದೇ ವರ್ಷದಲ್ಲಿ ಹೋಯಿತು.

ಆ ಹಳ್ಳವನ್ನು ತುಂಬಿದ್ದರಲ್ಲಿ ದೊಡ್ಡ ಪಾಲು ವಾಣಿಜ್ಯದ್ದು. ಜೆರ್ಸಿಯ ಎದೆಯ ಮೇಲೆ ಸ್ನ್ಯಾಪ್‌ಡ್ರ್ಯಾಗನ್ ಎಂಬ ಮೊಬೈಲ್ ಚಿಪ್‌ನ ಹೊಸ ಹೆಸರು ಬಂತು. ಸ್ಪಾನ್ಸರ್ ಹಣ 17.78 ಕೋಟಿಯಿಂದ 18.84 ಕೋಟಿಗೆ ಏರಿತು. ಆನ್‌ಲೈನ್ ಅಂಗಡಿಯನ್ನು ಕ್ಲಬ್ ಹೊಸ ರೀತಿಯಲ್ಲಿ ನಡೆಸಲು ಶುರು ಮಾಡಿತು. ಅಂಗಡಿ ಮತ್ತು ಜೆರ್ಸಿ ಕಡೆಯ ಆದಾಯ 12.51 ಕೋಟಿಯಿಂದ 14.49 ಕೋಟಿ ಆಯಿತು. ಉಳಿದದ್ದು ಪಂದ್ಯದ ದಿನದ ಗಳಿಕೆಯಿಂದ ಬಂತು.

ಇದನ್ನು ಕೇಳಿ ‘ಹಾಗಾದರೆ ಸೋತರೂ ಪರವಾಗಿಲ್ಲ’ ಎಂದುಕೊಳ್ಳಬೇಡಿ. ಈ ಒಪ್ಪಂದಗಳೆಲ್ಲ ಹಳೆಯ ಗೆಲುವಿನ ಹೆಸರಿನಲ್ಲಿ ಆದವು. ಅಡಿಡಾಸ್ ಜೊತೆ 2015ರಿಂದ ಹತ್ತು ವರ್ಷಕ್ಕೆ 75 ಕೋಟಿ ಪೌಂಡ್‌ನ ಒಪ್ಪಂದ ಇತ್ತು. 2023ರಲ್ಲಿ ಅದನ್ನು 2035ರವರೆಗೆ ಕನಿಷ್ಠ 90 ಕೋಟಿಗೆ ಮುಂದುವರಿಸಿದರು. ಆದರೆ ಹೊಸ ಕರಾರಿನಲ್ಲಿ ಒಂದು ಷರತ್ತಿದೆ. ಚಾಂಪಿಯನ್ಸ್ ಲೀಗ್ ಆಡದ ವರ್ಷ ಒಂದು ಕೋಟಿ ಪೌಂಡ್ ಕಡಿತ. ಆಟ ಕೆಟ್ಟರೆ ವಾಣಿಜ್ಯಕ್ಕೂ ಪೆಟ್ಟು ಬೀಳುತ್ತದೆ, ಸ್ವಲ್ಪ ತಡವಾಗಿ ಅಷ್ಟೇ.

ಟಿವಿ ಹಣವೇ ಅಷ್ಟೊಂದು ದೊಡ್ಡದಿದೆ. ಅದನ್ನೇ ಬೆಳೆಸಿಕೊಳ್ಳಬಾರದಾ?

ಅದು ಕ್ಲಬ್‌ನ ಕೈಯಲ್ಲಿಲ್ಲ. ಪ್ರೀಮಿಯರ್ ಲೀಗ್‌ನ ಹಕ್ಕನ್ನು ಇಪ್ಪತ್ತೂ ಕ್ಲಬ್‌ಗಳ ಪರವಾಗಿ ಲೀಗ್ ಒಟ್ಟಿಗೆ ಮಾರುತ್ತದೆ. 2025ರಿಂದ ನಾಲ್ಕು ಸೀಸನ್‌ಗೆ ಬ್ರಿಟನ್‌ನ ಒಳಗಿನ ಹಕ್ಕು ಮಾತ್ರ ಸುಮಾರು 670 ಕೋಟಿ ಪೌಂಡ್‌ಗೆ ಹೋಯಿತು. ಆ ದೇಶೀಯ ಹಣದಲ್ಲಿ ಅರ್ಧವನ್ನು ಎಲ್ಲರಿಗೂ ಸಮವಾಗಿ ಹಂಚುತ್ತಾರೆ. ಉಳಿದರ್ಧದಲ್ಲಿ ಒಂದು ಪಾಲು ಅಂಕಪಟ್ಟಿಯ ಸ್ಥಾನ ನೋಡಿ, ಇನ್ನೊಂದು ಪಾಲು ಎಷ್ಟು ಪಂದ್ಯ ಟಿವಿಯಲ್ಲಿ ಬಂತು ಎಂದು ನೋಡಿ ಕೊಡುತ್ತಾರೆ.

2024-25ರಲ್ಲಿ ಚಾಂಪಿಯನ್ ಆದ ಲಿವರ್‌ಪೂಲ್‌ಗೆ ಲೀಗ್‌ನಿಂದ ಸಿಕ್ಕಿದ್ದು ಸುಮಾರು 17.5 ಕೋಟಿ ಪೌಂಡ್. ಕೇವಲ 12 ಅಂಕ ಗಳಿಸಿ ಕೊನೆಗೆ ಉಳಿದ ಸೌತಾಂಪ್ಟನ್‌ಗೆ ಸುಮಾರು 10.9 ಕೋಟಿ. ಲೀಗ್ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಈ ಹಂಚಿಕೆ ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಆದರೆ ಎದುರಾಳಿಗಿಂತ ಮುಂದೆ ಹೋಗಬೇಕೆಂದರೆ ಈ ಹಣದಿಂದ ಆಗುವುದಿಲ್ಲ, ಅವನಿಗೂ ಅದೇ ಸಿಗುತ್ತದಲ್ಲ.

ಟಿವಿಯನ್ನೇ ನಂಬಿದರೆ ಏನಾಗುತ್ತದೆ ಎಂದು ಫ್ರಾನ್ಸ್ ತೋರಿಸಿತು. ಅಲ್ಲಿ ಮೀಡಿಯಾಪ್ರೊ ಎಂಬ ಕಂಪನಿ 2020ರಿಂದ ವರ್ಷಕ್ಕೆ 80 ಕೋಟಿ ಯೂರೋಗೂ ಜಾಸ್ತಿ ಕೊಡಲು ಒಪ್ಪಿತ್ತು. ಕೆಲವೇ ತಿಂಗಳಲ್ಲಿ ಕಂತು ಕಟ್ಟುವುದನ್ನು ನಿಲ್ಲಿಸಿತು. ವರ್ಷ ಮುಗಿಯುವುದರೊಳಗೆ ಒಪ್ಪಂದವೇ ಮುರಿಯಿತು. ಬರುತ್ತದೆ ಎಂದು ನಂಬಿ ಖರ್ಚು ಮಾಡಿದ್ದ ಕ್ಲಬ್‌ಗಳು ತುಂಬಾ ಕಷ್ಟಪಟ್ಟವು.

ಟಿಕೆಟ್ ವಿಷಯಕ್ಕೆ ಬಂದರೆ, ಇರುವ ಕುರ್ಚಿಗಳು ಇಷ್ಟೇ. ಹಾಗಾಗಿ ಕ್ಲಬ್ ತಾನೇ ಬುದ್ಧಿ ಓಡಿಸಿ ಬೆಳೆಸಬಹುದಾದ ದಾರಿ ಎಂದರೆ ವಾಣಿಜ್ಯ.

ಜೆರ್ಸಿ ಮೇಲೆ ಜಾಹೀರಾತು ಯಾವಾಗ ಶುರುವಾಯಿತು?

ಬ್ರಿಟನ್‌ನಲ್ಲಿ 1976ರ ಜನವರಿಯಲ್ಲಿ. ಮಾಡಿದ್ದು ದೊಡ್ಡ ಕ್ಲಬ್ ಅಲ್ಲ, ಲೀಗ್‌ನ ಹೊರಗಿದ್ದ ಕೆಟರಿಂಗ್ ಟೌನ್. ಆಗ ಅದನ್ನು ನೋಡಿಕೊಳ್ಳುತ್ತಿದ್ದವರು ಡೆರೆಕ್ ಡೂಗನ್. ಸ್ಥಳೀಯ ಟೈರ್ ಅಂಗಡಿಯ ಹೆಸರು ‘ಕೆಟರಿಂಗ್ ಟೈರ್ಸ್’ ಎಂದು ಎದೆಯ ಮೇಲೆ ಬರೆಸಿದರು. ಫುಟ್‌ಬಾಲ್ ಅಸೋಸಿಯೇಷನ್ ತೆಗೆಯಿರಿ ಎಂದಿತು. ಅವರು ‘ಕೆಟರಿಂಗ್ ಟಿ’ ಎಂದು ಉಳಿಸಿಕೊಂಡು, ಟಿ ಅಂದರೆ ಟೌನ್ ಎಂದು ವಾದಿಸಿದರು. ದಂಡದ ಬೆದರಿಕೆ ಬಂದ ಮೇಲೆ ಅದನ್ನೂ ತೆಗೆಯಬೇಕಾಯಿತು. ಆದರೆ ಮರುವರ್ಷವೇ ಅಸೋಸಿಯೇಷನ್ ಒಪ್ಪಿಗೆ ಕೊಟ್ಟಿತು. 1979ರಲ್ಲಿ ಲಿವರ್‌ಪೂಲ್ ಹಿಟಾಚಿ ಹೆಸರು ಹಾಕಿಕೊಂಡಿತು.

ಬಾರ್ಸಿಲೋನಾ ಇದಕ್ಕೆ ತುಂಬಾ ಕಾಲ ಒಪ್ಪಲೇ ಇಲ್ಲ. 2006ರಲ್ಲಿ ಯುನಿಸೆಫ್ ಹೆಸರು ಹಾಕಿಕೊಂಡಾಗಲೂ ದುಡ್ಡು ತೆಗೆದುಕೊಳ್ಳಲಿಲ್ಲ, ತಾವೇ ವರ್ಷಕ್ಕೆ 15 ಲಕ್ಷ ಯೂರೋ ಕೊಟ್ಟರು. 2011ರಲ್ಲಿ ಕತಾರ್ ಫೌಂಡೇಷನ್ ಬಂದ ಮೇಲೆ ಆ ಕಾಲ ಮುಗಿಯಿತು. ಆ ದಿನ ನನಗೆ ನಿಜಕ್ಕೂ ಬೇಜಾರಾಗಿತ್ತು.

ದೊಡ್ಡ ಆಟಗಾರನಿಗೆ ಕೊಟ್ಟ ದುಡ್ಡು ಜೆರ್ಸಿ ಮಾರಾಟದಲ್ಲೇ ವಾಪಸ್ ಬರುತ್ತದಂತೆ, ನಿಜಾನಾ?

ಇಲ್ಲ. ತುಂಬಾ ಹಬ್ಬಿರುವ ತಪ್ಪು ಕಲ್ಪನೆ ಇದು. 2018ರಲ್ಲಿ ಯುವೆಂಟಸ್ 10 ಕೋಟಿ ಯೂರೋ ಕೊಟ್ಟು ರೊನಾಲ್ಡೊನನ್ನು ತಂದಾಗ, ಒಂದೇ ದಿನದಲ್ಲಿ ಲಕ್ಷಾಂತರ ಜೆರ್ಸಿ ಮಾರಾಟವಾಗಿ ದುಡ್ಡು ವಾಪಸ್ ಬಂತು ಎಂಬ ಸುದ್ದಿ ಎಲ್ಲ ಕಡೆ ಹರಿದಾಡಿತು.

ಲೆಕ್ಕ ಹೀಗಿರುತ್ತದೆ. ಅಂಗಡಿಯಲ್ಲಿ ಜೆರ್ಸಿ 80 ಪೌಂಡ್ ಎಂದುಕೊಳ್ಳೋಣ. ಅದರಲ್ಲಿ ತೆರಿಗೆ ಹೋಗಬೇಕು, ಅಂಗಡಿಯವನ ಪಾಲು ಹೋಗಬೇಕು. ಉಳಿದದ್ದು ತಯಾರಕ ಕಂಪನಿಗೆ. ಕ್ಲಬ್‌ಗೆ ಸಿಗುವುದು ಅದರಲ್ಲಿ ಒಂದು ಸಣ್ಣ ರಾಯಧನ (ರಾಯಲ್ಟಿ). ಒಂದು ಜೆರ್ಸಿಗೆ 4 ಪೌಂಡ್ ಸಿಕ್ಕಿತು ಎನ್ನಿ. 8 ಕೋಟಿ ಪೌಂಡ್ ವಾಪಸ್ ಬರಬೇಕಾದರೆ ಎರಡು ಕೋಟಿ ಜೆರ್ಸಿ ಮಾರಬೇಕು! ಅಷ್ಟಕ್ಕೂ ಆ ಆಟಗಾರ ಬರದಿದ್ದರೂ ಅಭಿಮಾನಿ ಜೆರ್ಸಿ ಕೊಳ್ಳುತ್ತಿದ್ದ, ಬೆನ್ನ ಮೇಲೆ ಬೇರೆ ಹೆಸರು ಹಾಕಿಸುತ್ತಿದ್ದ, ಅಷ್ಟೇ ವ್ಯತ್ಯಾಸ.

ಹಾಗಾಗಿ ಜಾಸ್ತಿ ಕ್ಲಬ್‌ಗಳು ತಯಾರಕರಿಂದ ಪ್ರತಿ ವರ್ಷ ಒಂದು ಖಚಿತ ಮೊತ್ತ ತೆಗೆದುಕೊಳ್ಳುತ್ತವೆ. ಲಿವರ್‌ಪೂಲ್ 2020ರಲ್ಲಿ ನೈಕಿ ಜೊತೆ ಬೇರೆ ದಾರಿ ಹಿಡಿಯಿತು. ಖಚಿತ ಮೊತ್ತ ವರ್ಷಕ್ಕೆ 3 ಕೋಟಿ ಪೌಂಡ್ ಮಾತ್ರ, ಮಾರಾಟದಲ್ಲಿ ಶೇ. 20ರಷ್ಟು ಪಾಲು ಎಂದು ವರದಿಯಾಗಿತ್ತು. ತಮ್ಮ ಅಭಿಮಾನಿಗಳ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು.

ಒಳ್ಳೆಯ ಸ್ಪಾನ್ಸರ್ ಸಿಕ್ಕರೆ ಹತ್ತು ಹದಿನೈದು ವರ್ಷಕ್ಕೆ ಸಹಿ ಹಾಕಿಬಿಡುವುದು ಜಾಣತನ ಅಲ್ವಾ?

ಆರ್ಸೆನಲ್‌ನ ಕಥೆ ಕೇಳಿ, ಆಮೇಲೆ ನೀವೇ ಹೇಳಿ.

1913ರಿಂದ ಆ ಕ್ಲಬ್‌ನ ಮನೆ ಹೈಬರಿ. ಕೊನೆಯ ವರ್ಷಗಳಲ್ಲಿ ಅಲ್ಲಿ ಕೂರಬಹುದಾಗಿದ್ದವರು ಸುಮಾರು 38 ಸಾವಿರ ಜನ. ಟಿಕೆಟ್‌ಗೆ ಬೇಡಿಕೆ ಇದ್ದರೂ ಜಾಗ ಇರಲಿಲ್ಲ. ಸುತ್ತ ಮನೆಗಳಿದ್ದ ಕಾರಣ ವಿಸ್ತರಿಸಲೂ ಆಗಲಿಲ್ಲ. ಹತ್ತಿರದಲ್ಲೇ 60 ಸಾವಿರ ಜನರ ಹೊಸ ಸ್ಟೇಡಿಯಂ ಕಟ್ಟಲು ನಿರ್ಧರಿಸಿದರು. ಖರ್ಚು ಸುಮಾರು 39 ಕೋಟಿ ಪೌಂಡ್. ಬ್ಯಾಂಕ್ ಸಾಲ ಸಿಗಬೇಕಾದರೆ ಖಚಿತ ಆದಾಯ ತೋರಿಸಬೇಕು. 2004ರಲ್ಲಿ ಎಮಿರೇಟ್ಸ್ ವಿಮಾನ ಕಂಪನಿ 10 ಕೋಟಿ ಪೌಂಡ್ ಕೊಡಲು ಮುಂದೆ ಬಂತು. ಅದಕ್ಕೆ ಪ್ರತಿಯಾಗಿ ಹದಿನೈದು ವರ್ಷ ಸ್ಟೇಡಿಯಂನ ಹೆಸರು, ಎಂಟು ವರ್ಷ ಜೆರ್ಸಿಯ ಎದೆ.

ಆ ಹೊತ್ತಿಗೆ ಅದು ದೊಡ್ಡ ಸುದ್ದಿ. ಸ್ಟೇಡಿಯಂ 2006ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಜಗತ್ತು ಬದಲಾಯಿತು. ಪ್ರೀಮಿಯರ್ ಲೀಗ್ ಏಷ್ಯಾ, ಆಫ್ರಿಕಾದ ಮನೆಮನೆಗೂ ಬಂತು. 2010ರಲ್ಲಿ ಲಿವರ್‌ಪೂಲ್ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನಿಂದ, ಯುನೈಟೆಡ್ ಏಯಾನ್ ಎಂಬ ವಿಮಾ ಕಂಪನಿಯಿಂದ ಜೆರ್ಸಿಗೆ ಮಾತ್ರ ವರ್ಷಕ್ಕೆ ಸುಮಾರು 2 ಕೋಟಿ ಪೌಂಡ್ ಪಡೆಯತೊಡಗಿದವು. ಆರ್ಸೆನಲ್‌ನ ಜೆರ್ಸಿಯ ಪಾಲು ವರ್ಷಕ್ಕೆ 55 ಲಕ್ಷ ಪೌಂಡ್‌ನ ಆಸುಪಾಸು ಎಂದು ಪತ್ರಿಕೆಗಳು ಲೆಕ್ಕ ಹಾಕಿದ್ದವು. ನಾಲ್ಕನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ!

ಒಂದು ಕಡೆ ಸ್ಟೇಡಿಯಂ ಸಾಲದ ಕಂತು, ಇನ್ನೊಂದು ಕಡೆ ಹಳೇ ದರದ ಸ್ಪಾನ್ಸರ್. 2011ರಲ್ಲಿ ತಂಡದ ಮುಖ್ಯ ಆಟಗಾರರಾದ ಫ್ಯಾಬ್ರೆಗಾಸ್ ಮತ್ತು ನಸ್ರಿ ಹೋದರು. 2012ರಲ್ಲಿ ವಾನ್ ಪರ್ಸಿ ಯುನೈಟೆಡ್‌ಗೆ ಹೋಗಿ ಅಲ್ಲಿ ಲೀಗ್ ಗೆದ್ದ. 2005ರ ಎಫ್‌ಎ ಕಪ್ ಆದ ಮೇಲೆ 2014ರವರೆಗೆ ಒಂದು ದೊಡ್ಡ ಟ್ರೋಫಿಯೂ ಬರಲಿಲ್ಲ. ಎಲ್ಲ ತಪ್ಪೂ ತಂಡದ ಮ್ಯಾನೇಜರ್ ಆರ್ಸೀನ್ ವೆಂಗರ್ ಅವರದೇ ಎಂದು ಜನ ಬೈದರು. ಆ ಹಣಕಾಸಿನ ಇಕ್ಕಟ್ಟಿನಲ್ಲಿ ವರ್ಷ ವರ್ಷ ಚಾಂಪಿಯನ್ಸ್ ಲೀಗ್‌ಗೆ ತಂಡವನ್ನು ಕೊಂಡೊಯ್ದದ್ದು ಎಷ್ಟು ದೊಡ್ಡ ಕೆಲಸ ಎಂದು ಲೆಕ್ಕಪತ್ರ ಓದಿದ ಮೇಲೆ ನನಗೆ ಅರ್ಥವಾಯಿತು.

ಹಾಗಂತ 2004ರಲ್ಲಿ ಸಹಿ ಹಾಕಿದವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಆ ಹಣ ಇಲ್ಲದಿದ್ದರೆ ಸ್ಟೇಡಿಯಂ ಏಳುವುದೇ ಕಷ್ಟವಿತ್ತು. ಇಂದು ಅದೇ ಸ್ಟೇಡಿಯಂ ಪಂದ್ಯದ ದಿನಗಳಿಂದ ವರ್ಷಕ್ಕೆ 10 ಕೋಟಿ ಪೌಂಡ್ ದಾಟಿಸುತ್ತಿದೆ. ಒಪ್ಪಂದಗಳನ್ನೂ ಒಂದೊಂದಾಗಿ ಹೊಸದು ಮಾಡಿಕೊಂಡರು. 2012ರಲ್ಲಿ ಎಮಿರೇಟ್ಸ್ ಜೊತೆ 15 ಕೋಟಿ ಪೌಂಡ್‌ನ ಹೊಸ ಕರಾರು, 2019ರಲ್ಲಿ ಜೆರ್ಸಿ ತಯಾರಿಕೆ ಪೂಮಾದಿಂದ ಅಡಿಡಾಸ್‌ಗೆ ಬದಲಾವಣೆ. 2023-24ರ ಹೊತ್ತಿಗೆ ವಾಣಿಜ್ಯ ಆದಾಯ 21.83 ಕೋಟಿ, ಒಟ್ಟು 61.66 ಕೋಟಿ ಪೌಂಡ್. ಚಾಂಪಿಯನ್ಸ್ ಲೀಗ್‌ಗೆ ಮರಳಿದ್ದು ಇದಕ್ಕೆ ತುಂಬಾ ನೆರವಾಯಿತು.

ಈಗ ಕ್ಲಬ್‌ಗಳು ಮೂರರಿಂದ ಐದು ವರ್ಷದ ಕರಾರನ್ನೇ ಜಾಸ್ತಿ ಇಷ್ಟಪಡುತ್ತವೆ. ಉದ್ದದ ಕರಾರಾದರೆ ನಡುವೆ ದರ ಏರಿಸುವ ಷರತ್ತು ಸೇರಿಸುತ್ತವೆ.

ಒಂದು ಕ್ಲಬ್‌ಗೆ ಟೈರ್, ನೂಡಲ್ಸ್, ಟ್ರ್ಯಾಕ್ಟರ್‌ಗೆಲ್ಲ ಬೇರೆ ಬೇರೆ ‘ಪಾಲುದಾರರು’ ಯಾಕೆ?

ಈ ದಾರಿಯನ್ನು ದೊಡ್ಡದಾಗಿ ಹಿಡಿದದ್ದು ಮ್ಯಾಂಚೆಸ್ಟರ್ ಯುನೈಟೆಡ್. ಜೆರ್ಸಿಯ ಎದೆ ಒಂದೇ. ಆದರೆ ಕ್ಲಬ್‌ನ ಹೆಸರು, ಆಟಗಾರರ ಚಿತ್ರ, ಮೈದಾನದ ಸುತ್ತಲಿನ ಫಲಕ, ಇವನ್ನು ಹಲವರಿಗೆ ಮಾರಬಹುದು. ಒಂದು ವಸ್ತುವಿಗೆ ಒಬ್ಬರು, ಒಂದು ಪ್ರದೇಶಕ್ಕೆ ಒಬ್ಬರು. ನಮ್ಮ ದೇಶದ ಅಪೋಲೊ ಟೈರ್ಸ್ 2013ರಲ್ಲಿ ಹೀಗೇ ಯುನೈಟೆಡ್ ಜೊತೆ ಸೇರಿತು. ಬೇರೆ ದೇಶಗಳಲ್ಲಿ ಹೆಸರು ಗಟ್ಟಿ ಮಾಡಿಕೊಳ್ಳಬೇಕಿದ್ದ ಕಂಪನಿಗೆ ಅದು ನೆರವಾಯಿತು.

ಕೊಡುವವರಿಗೆ ಏನು ಸಿಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಸುಮ್ನೆ ಹೆಸರು ಬರೆಸಿಕೊಳ್ಳಲು ಈಗ ಯಾರೂ ದುಡ್ಡು ಕೊಡುವುದಿಲ್ಲ. ಯಾವ ದೇಶದಲ್ಲಿ ಎಷ್ಟು ಅಭಿಮಾನಿಗಳಿದ್ದಾರೆ, ಅವರ ವಯಸ್ಸೇನು, ಏನು ಕೊಳ್ಳುತ್ತಾರೆ ಎಂಬ ಮಾಹಿತಿ ಕೇಳುತ್ತಾರೆ. ಹಾಗಾಗಿ ಕ್ಲಬ್‌ಗಳು ಆ್ಯಪ್, ಸದಸ್ಯತ್ವ, ಬೇಸಿಗೆ ಪ್ರವಾಸಗಳಿಗೆ ಅಷ್ಟು ಮಹತ್ವ ಕೊಡುತ್ತವೆ.

ಸ್ಟೇಡಿಯಂ ಇದ್ದರೆ ವಾಣಿಜ್ಯ ಆದಾಯ ಹೇಗೆ ಏರುತ್ತದೆ?

ಲೀಗ್‌ನಲ್ಲಿ ಒಂದು ತಂಡಕ್ಕೆ ತವರಿನ ಪಂದ್ಯ 19 ಮಾತ್ರ. ಕಪ್ ಪಂದ್ಯ ಸೇರಿಸಿದರೂ ಮೂವತ್ತರ ಹತ್ತಿರ. ಉಳಿದ ದಿನ ಬಾಗಿಲು ಮುಚ್ಚಿರುತ್ತಿತ್ತು. 2019ರಲ್ಲಿ ತೆರೆದ ಟಾಟೆನ್‌ಹ್ಯಾಮ್ ಸ್ಟೇಡಿಯಂ ಇದನ್ನು ಬದಲಿಸಿತು. ಅಲ್ಲಿನ ಹುಲ್ಲಿನ ಮೈದಾನ ಮೂರು ತುಂಡಾಗಿ ಸ್ಟ್ಯಾಂಡ್‌ನ ಅಡಿಗೆ ಸರಿಯುತ್ತದೆ. ಕೆಳಗೆ ಅಮೆರಿಕನ್ ಫುಟ್‌ಬಾಲ್‌ಗೆ ಕೃತಕ ಹುಲ್ಲು. 2023ರಲ್ಲಿ ಬಿಯಾನ್ಸೆ ಐದು ರಾತ್ರಿ ಹಾಡಿದರು, 2025ರಲ್ಲಿ ಆರು ರಾತ್ರಿ. 2023-24ರಲ್ಲಿ ಆ ಕ್ಲಬ್‌ನ ವಾಣಿಜ್ಯ ಆದಾಯ 25.5 ಕೋಟಿ ಪೌಂಡ್, ಆರ್ಸೆನಲ್‌ಗಿಂತಲೂ ಜಾಸ್ತಿ. ಟ್ರೋಫಿಗಳಲ್ಲಿ ಅಷ್ಟು ಹಿಂದಿದ್ದ ಕ್ಲಬ್ ಹಣದಲ್ಲಿ ದೊಡ್ಡವರ ಸಾಲಿಗೆ ಸೇರಿದ್ದು ಹೀಗೆ.

ರಿಯಲ್ ಮ್ಯಾಡ್ರಿಡ್ ಕೂಡ ತನ್ನ ಸ್ಟೇಡಿಯಂ ಬರ್ನಬ್ಯೂವನ್ನು ಪೂರ್ತಿ ನವೀಕರಿಸಿತು. 2023-24ರಲ್ಲಿ ನೂರು ಕೋಟಿ ಯೂರೋ ಆದಾಯ ದಾಟಿದ ಮೊದಲ ಫುಟ್‌ಬಾಲ್ ಕ್ಲಬ್ ಆಯಿತು. ಆದರೆ ಸಂಗೀತ ಕಾರ್ಯಕ್ರಮಗಳ ಸದ್ದಿಗೆ ಅಕ್ಕಪಕ್ಕದ ಮನೆಯವರು ದೂರು ಕೊಟ್ಟರು. 2024ರಲ್ಲಿ ಅವನ್ನು ನಿಲ್ಲಿಸಬೇಕಾಯಿತು.

ಬೆಟ್ಟಿಂಗ್ ಕಂಪನಿಗಳ ಹೆಸರು ಜೆರ್ಸಿಯಿಂದ ಹೋಗುತ್ತದಂತೆ?

ಹೌದು, ಎದೆಯ ಮೇಲಿನಿಂದ. 2023ರ ಏಪ್ರಿಲ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳು ತಾವೇ ಒಪ್ಪಿಕೊಂಡವು. 2025-26 ಅದಕ್ಕೆ ಕೊನೆಯ ಸೀಸನ್. ಆ ಸೀಸನ್‌ನಲ್ಲಿ 20ರಲ್ಲಿ 11 ಕ್ಲಬ್‌ಗಳ ಎದೆಯ ಮೇಲೆ ಬೆಟ್ಟಿಂಗ್ ಹೆಸರಿತ್ತು. ಹೆಚ್ಚಿನವು ಸಣ್ಣ, ಮಧ್ಯಮ ಕ್ಲಬ್‌ಗಳು. ಬೇರೆ ಕಂಪನಿಗಳು ಅಷ್ಟು ಕೊಡುವುದಿಲ್ಲವಾದ್ದರಿಂದ ಅವರಿಗೆ ನಿಜಕ್ಕೂ ಕಷ್ಟವಾಗಲಿದೆ. ಆದರೂ ನಾನು ಈ ನಿರ್ಧಾರದ ಪರ. ಮಕ್ಕಳು ಹಾಕಿಕೊಳ್ಳುವ ಅಂಗಿ ಅದು. ತೋಳಿನ ಮೇಲೆ ಇನ್ನೂ ಬಿಟ್ಟಿದ್ದಾರೆ, ಅದೂ ಹೋಗಬೇಕಿತ್ತು.

ನಮ್ಮಲ್ಲೂ ಹೀಗೊಂದು ಆಯಿತಲ್ಲ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಕೂಡಲೇ ಡ್ರೀಮ್11 ಕ್ರಿಕೆಟ್ ತಂಡದ ಜೆರ್ಸಿಯಿಂದ ಇಳಿಯಿತು. ಆ ಜಾಗಕ್ಕೆ ಅಪೋಲೊ ಟೈರ್ಸ್ ಬಂತು.

ಮಾಲೀಕನಿಗೇ ಬೇರೆ ಕಂಪನಿಗಳಿದ್ದರೆ, ಅವುಗಳಿಂದ ಬೇಕಾದಷ್ಟು ಸ್ಪಾನ್ಸರ್ ಹಣ ಹಾಕಿಸಬಹುದಲ್ಲ?

ಅದನ್ನು ತಡೆಯಲೆಂದೇ ನಿಯಮ ಇದೆ. 2021ರ ಅಕ್ಟೋಬರ್‌ನಲ್ಲಿ ಸೌದಿ ಸರ್ಕಾರದ ಹೂಡಿಕೆ ನಿಧಿ ನ್ಯೂಕ್ಯಾಸಲ್ ಕ್ಲಬ್‌ನ ಶೇ. 80 ಪಾಲು ಕೊಂಡಿತು. ಬೇರೆ ಕ್ಲಬ್‌ಗಳಿಗೆ ಗಾಬರಿಯಾಯಿತು. ಮಾಲೀಕನ ನಂಟಿರುವ ಕಂಪನಿ ಕೊಡುವ ಹಣ ಮಾರುಕಟ್ಟೆ ದರಕ್ಕೆ ಸರಿಯಾಗಿದೆಯೇ ಎಂದು ಲೀಗ್ ನೋಡುವ ಕಟ್ಟುನಿಟ್ಟಿನ ನಿಯಮ ಬಂತು. ಮ್ಯಾಂಚೆಸ್ಟರ್ ಸಿಟಿ ಇದನ್ನು ಪ್ರಶ್ನಿಸಿ ದೊಡ್ಡ ಕಾನೂನು ಹೋರಾಟ ನಡೆಸಿತು. 2025ರಲ್ಲಿ ಲೀಗ್ ಜೊತೆ ರಾಜಿಯಾಯಿತು.

ಜರ್ಮನಿಯ ಬಯರ್ನ್ ಮ್ಯೂನಿಕ್ ಬೇರೆ ರೀತಿ ಮಾಡಿದೆ. ಅಡಿಡಾಸ್, ಆಡಿ, ಅಲಿಯಾನ್ಸ್ ಮೂರೂ ಸ್ಪಾನ್ಸರ್‌ಗಳು, ಜೊತೆಗೆ ತಲಾ ಶೇ. 8.33ರಷ್ಟು ಷೇರುದಾರರು. ಉಳಿದ ಶೇ. 75 ಸದಸ್ಯರ ಸಂಘದ ಕೈಯಲ್ಲೇ ಇದೆ. ನನ್ನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬಿದ್ದಿಲ್ಲ.

ಇಷ್ಟೆಲ್ಲ ಬಂದರೂ ನಷ್ಟ ಯಾಕೆ?

ಯುನೈಟೆಡ್ 2019-20ರಿಂದ 2024-25ರವರೆಗೆ ಪ್ರತಿ ವರ್ಷವೂ ನಷ್ಟ ತೋರಿಸಿದೆ. 2023-24ರಲ್ಲಿ 11.32 ಕೋಟಿ ಪೌಂಡ್, ಮರುವರ್ಷ 3.3 ಕೋಟಿ. ದುಡ್ಡು ಮೂರು ಕಡೆ ಹೋಗುತ್ತದೆ.

ಮೊದಲನೆಯದು ಸಂಬಳ. 2024-25ರಲ್ಲಿ 31.32 ಕೋಟಿ. ಎರಡನೆಯದು ಸಾಲದ ಬಡ್ಡಿ. 2005ರಲ್ಲಿ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡ್‌ಗೆ ಕ್ಲಬ್ ಕೊಂಡಾಗ, ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್‌ನ ತಲೆಗೇ ಕಟ್ಟಿತು. ಅಂದಿನಿಂದ ಕ್ಲಬ್ ಬಡ್ಡಿ ಕಟ್ಟುತ್ತಲೇ ಇದೆ. ಅಭಿಮಾನಿಗಳ ಟಿಕೆಟ್ ದುಡ್ಡು ಅದಕ್ಕೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೂರನೆಯದು ಆಟಗಾರರ ಖರೀದಿ. ಕೊಟ್ಟ ಬೆಲೆಯನ್ನು ಒಂದೇ ವರ್ಷಕ್ಕೆ ಬರೆಯುವುದಿಲ್ಲ, ಅವನ ಕರಾರಿನ ವರ್ಷಗಳಿಗೆ ಹಂಚುತ್ತಾರೆ. ಚೆಲ್ಸಿ 2023ರ ಜನವರಿಯಲ್ಲಿ 10.68 ಕೋಟಿ ಪೌಂಡ್‌ಗೆ ಎನ್ಜೊ ಫರ್ನಾಂಡಿಸ್‌ನನ್ನು ಎಂಟೂವರೆ ವರ್ಷದ ಕರಾರಿಗೆ ತಂದಿತು. ಹಂಚಿದರೆ ವರ್ಷಕ್ಕೆ ಸುಮಾರು 1.26 ಕೋಟಿ. ಐದು ವರ್ಷದ ಕರಾರಾಗಿದ್ದರೆ 2.14 ಕೋಟಿ ಬರೆಯಬೇಕಿತ್ತು. ಇದನ್ನು ನೋಡಿ ಮೊದಲು ಯುರೋಪ್‌ನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್ಎ, ಆಮೇಲೆ ಪ್ರೀಮಿಯರ್ ಲೀಗ್, ಹಂಚಿಕೆ ಐದು ವರ್ಷ ಮೀರಬಾರದು ಎಂದು ನಿಯಮ ಮಾಡಿದವು.

ನಷ್ಟಕ್ಕೆ ಮಿತಿ ಇದೆಯಾ?

ಇದೆ. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ಎಂಬ ಮಿತಿ ಹಾಕಿದ್ದರು. ಅಕಾಡೆಮಿ (ಹುಡುಗರನ್ನು ಬೆಳೆಸುವ ತರಬೇತಿ ಶಾಲೆ), ಮಹಿಳಾ ತಂಡ, ಸ್ಟೇಡಿಯಂಗೆ ಮಾಡಿದ ಖರ್ಚನ್ನು ಅದರಲ್ಲಿ ಹಿಡಿಯುವುದಿಲ್ಲ. ಮೀರಿದ್ದಕ್ಕೆ 2023-24ರಲ್ಲಿ ಎವರ್ಟನ್ ಮೊದಲು 10 ಅಂಕ ಕಳೆದುಕೊಂಡಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಆಮೇಲೆ ಇನ್ನೊಂದು ಪ್ರಕರಣದಲ್ಲಿ 2 ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4 ಅಂಕ ಕಡಿತ. 2026-27ರಿಂದ ತಂಡದ ಖರ್ಚು ಆದಾಯದ ಶೇ. 85 ಮೀರಬಾರದು ಎಂಬ ಹೊಸ ನಿಯಮಕ್ಕೆ ಕ್ಲಬ್‌ಗಳು 2025ರ ನವೆಂಬರ್‌ನಲ್ಲಿ ಒಪ್ಪಿದವು. ಹೀಗೆ ಆದಾಯಕ್ಕೆ ಗಂಟು ಹಾಕಿದ ಮೇಲೆ, ವಾಣಿಜ್ಯದಲ್ಲಿ ಒಂದು ಪೌಂಡ್ ಹೆಚ್ಚು ಗಳಿಸಿದವನು ಆಟಗಾರರ ಮೇಲೆ 85 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್) ಹೆಚ್ಚು ಹಾಕಬಹುದು.

ತಾವೇ ಬೆಳೆಸಿದ ಹುಡುಗರನ್ನು ಯಾಕೆ ಮಾರುತ್ತಾರೆ?

ಖರೀದಿ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚುವ ಲೆಕ್ಕ ಹೇಳಿದೆನಲ್ಲ, ಅದರದ್ದೇ ಇನ್ನೊಂದು ಮುಖ ಇದು. ಅಕಾಡೆಮಿಯಿಂದ ಬಂದ ಹುಡುಗನಿಗೆ ಖರೀದಿ ಬೆಲೆ ಇಲ್ಲ. ಮಾರಿದರೆ ಬಂದದ್ದೆಲ್ಲ ಪುಸ್ತಕದಲ್ಲಿ ಲಾಭ. ಮೇಸನ್ ಮೌಂಟ್ ಆರನೇ ವಯಸ್ಸಿಗೆ ಚೆಲ್ಸಿ ಸೇರಿದವನು. 2023ರಲ್ಲಿ 5.5 ಕೋಟಿ ಪೌಂಡ್‌ಗೆ ಯುನೈಟೆಡ್‌ಗೆ ಹೋದ. ಅಷ್ಟೂ ಲಾಭವೇ. ನಷ್ಟದ ಮಿತಿಯ ಉದ್ದೇಶ ಒಳ್ಳೆಯದು. ಆದರೆ ಊರಿನ ಹುಡುಗನನ್ನು ಮಾರುವುದೇ ಸುಲಭದ ದಾರಿ ಎಂದು ಮಾಡಿಟ್ಟದ್ದು ಅದರ ದೊಡ್ಡ ದೋಷ.

ಟಿಕೆಟ್ ಬೆಲೆ ಏರಿಸಿದರೆ ಕಷ್ಟ ತೀರುವುದಿಲ್ವಾ?

2024ರ ಕೊನೆಯಲ್ಲಿ ಯುನೈಟೆಡ್ ಸೀಸನ್ ನಡುವೆಯೇ ಉಳಿದಿದ್ದ ಟಿಕೆಟ್‌ಗಳಿಗೆ 66 ಪೌಂಡ್ ಎಂದು ನಿಗದಿ ಮಾಡಿತು. ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲ. ಜನ ಮೈದಾನದಲ್ಲೇ ಪ್ರತಿಭಟಿಸಿದರು. ಆ ಟಿಕೆಟ್‌ಗಳಿಂದ ಬರುವ ಹಣ 66 ಕೋಟಿ ಪೌಂಡ್ ಆದಾಯದ ಮುಂದೆ ತೀರಾ ಸಣ್ಣದು. ಕಳೆದುಕೊಳ್ಳುವುದು ದೊಡ್ಡದು. ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ, ಐವತ್ತು ವರ್ಷದಿಂದ ಅದೇ ಸ್ಟ್ಯಾಂಡ್‌ನಲ್ಲಿ ಕೂರುವ ಅಜ್ಜ, ಅವರು ಎಬ್ಬಿಸುವ ಸದ್ದು, ಅವರ ಹಾಡು. ಸ್ಪಾನ್ಸರ್‌ಗಳು ಕೋಟಿ ಕೊಟ್ಟು ಕೊಳ್ಳುವುದು ಅದನ್ನೇ ಅಲ್ವಾ? ಖಾಲಿ ಅಥವಾ ಮೌನವಾದ ಮೈದಾನವನ್ನು ಟಿವಿಯಲ್ಲಿ ಯಾರು ನೋಡುತ್ತಾರೆ?

ಸಣ್ಣ ಕ್ಲಬ್‌ಗಳ ಗತಿ ಏನು?

ಬರಿ ಎಂಬ ಊರು ಮ್ಯಾಂಚೆಸ್ಟರ್‌ನಿಂದ ಸ್ವಲ್ಪವೇ ದೂರ. ಅಲ್ಲಿನ ಕ್ಲಬ್ 1885ರದ್ದು. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಗಳಿಕೆಗಿಂತ ಜಾಸ್ತಿ ಸಂಬಳ, ಸಾಲದ ಮೇಲೆ ಸಾಲ. 2019ರಲ್ಲಿ ಆಟಗಾರರಿಗೆ ಸಂಬಳ ಸರಿಯಾಗಿ ಸಿಗದಿದ್ದರೂ ತಂಡ ಆಡಿ ಮೇಲಿನ ಡಿವಿಷನ್‌ಗೆ ಏರಿತು. ಅದೇ ಆಗಸ್ಟ್ 27ರಂದು, ಪ್ರೀಮಿಯರ್ ಲೀಗ್‌ನ ಕೆಳಗಿನ ಡಿವಿಷನ್‌ಗಳನ್ನು ನಡೆಸುವ ಲೀಗ್ ಆ ಕ್ಲಬ್ಬನ್ನು ಹೊರಹಾಕಿತು. ಹಿಂದಿನ ದಿನಗಳಲ್ಲಿ ಅಭಿಮಾನಿಗಳು ಪೊರಕೆ, ಬಕೆಟ್ ಹಿಡಿದು ಗಿಗ್ ಲೇನ್ ಮೈದಾನ ಗುಡಿಸಿದ್ದರು, ಪಂದ್ಯ ನಡೆಯಬಹುದೇನೋ ಎಂಬ ಆಸೆಯಿಂದ. ಆ ಚಿತ್ರ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. 2023ರಲ್ಲಿ ಊರಿನವರೇ ಸೇರಿ ಅಲ್ಲಿ ಮತ್ತೆ ಫುಟ್‌ಬಾಲ್ ತಂದರು, ತೀರಾ ಕೆಳಗಿನ ಹಂತದಿಂದ. ಕ್ಲಬ್‌ಗಳ ಹಣಕಾಸು ನೋಡಿಕೊಳ್ಳಲು ಸ್ವತಂತ್ರ ನಿಯಂತ್ರಕರು ಬೇಕೆಂಬ ಕಾನೂನು ಇಂಗ್ಲೆಂಡ್‌ನಲ್ಲಿ 2025ರ ಜುಲೈನಲ್ಲಿ ಬಂತು.

ನಮ್ಮ ಬೆಂಗಳೂರು ಎಫ್‌ಸಿಗೆ ಇದೆಲ್ಲ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಆದರೆ ನೆಲ ಇನ್ನೂ ಗಟ್ಟಿಯಿಲ್ಲ. ಜೆಎಸ್‌ಡಬ್ಲ್ಯು 2013ರಲ್ಲಿ ಕಟ್ಟಿದ ಕ್ಲಬ್ ಇದು. ಮೊದಲ ಸೀಸನ್‌ನಲ್ಲೇ ಆಗ ದೇಶದ ಮೇಲಿನ ಹಂತದ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅದನ್ನು ಮಾಡಿರಲಿಲ್ಲ. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದ ಆ ರಾತ್ರಿ ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನ ಸದ್ದು ಕೇಳಿದವರು ಅದನ್ನು ಮರೆತಿಲ್ಲ. ಅಭಿಮಾನ ಇದೆ, ಅದರಲ್ಲಿ ಅನುಮಾನ ಬೇಡ.

ಆದರೆ ಮೂರೂ ದಾರಿಗಳನ್ನು ಒಂದೊಂದಾಗಿ ನೋಡಿ. ಕಂಠೀರವ ರಾಜ್ಯ ಸರ್ಕಾರದ ಸ್ಟೇಡಿಯಂ. ಕ್ಲಬ್‌ಗೆ ಅದರ ಹೆಸರು ಮಾರಲು, ಬೇರೆ ದಿನ ಬಾಡಿಗೆಗೆ ಕೊಡಲು ಆಗುವುದಿಲ್ಲ. ಟಿವಿ ಹಣ ಇಂಗ್ಲೆಂಡಿನ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದು ಸ್ಪಾನ್ಸರ್ ಮತ್ತು ಮಾಲೀಕರ ಜೇಬು. ಲೀಗ್‌ನ ಭವಿಷ್ಯವೇ ತೂಗಾಡಿದರೆ ಸ್ಪಾನ್ಸರ್ ಯಾಕೆ ಬರುತ್ತಾನೆ?

ಅದೇ ಆಯಿತು. ಬೆಂಗಳೂರು ಎಫ್‌ಸಿ ಈಗ ಆಡುವ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುತ್ತಿದ್ದ ಕಂಪನಿಗೂ ರಾಷ್ಟ್ರೀಯ ಫೆಡರೇಷನ್‌ಗೂ 2010ರಲ್ಲಿ ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಯ ಒಪ್ಪಂದ ಆಗಿತ್ತು. ಅದು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂದು ತೀರ್ಮಾನವಾಗದೆ ಜುಲೈನಲ್ಲಿ ಹೊಸ ಸೀಸನ್ನನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸುವುದಾಗಿ ಹೇಳಿತು. ನವೆಂಬರ್‌ನಲ್ಲಿ ವಾಣಿಜ್ಯ ಹಕ್ಕಿನ ಟೆಂಡರ್‌ಗೆ ಒಬ್ಬರೂ ಬಿಡ್ ಹಾಕಲಿಲ್ಲ. ಕ್ಲಬ್‌ನ ಯುವ ತಂಡಗಳು, ಮಕ್ಕಳ ಫುಟ್‌ಬಾಲ್ ಶಾಲೆಗಳು ಮುಂದುವರಿಯುತ್ತವೆ ಎಂದಿದ್ದು ಒಂದೇ ಸಮಾಧಾನ.

ಆರ್ಸೆನಲ್‌ನಂಥ ಲೆಕ್ಕ ಇಲ್ಲಿ ಶುರುವಾಗಬೇಕಾದರೆ ಮೊದಲು ಲೀಗ್‌ಗೆ ಖಚಿತ ವೇಳಾಪಟ್ಟಿ ಬೇಕು, ಹಲವು ವರ್ಷದ್ದು. ಆಮೇಲೆ ಸ್ಟೇಡಿಯಂ ಬಳಕೆಗೆ ಸರ್ಕಾರದ ಜೊತೆ ಉದ್ದದ ಒಪ್ಪಂದ. ನನ್ನ ಆಸೆಯೂ ಅದೇ.

ನಾನೇ ಒಂದು ಕ್ಲಬ್‌ನ ಲೆಕ್ಕ ನೋಡಬೇಕು. ಎಲ್ಲಿ ಸಿಗುತ್ತದೆ, ಏನು ನೋಡಲಿ?

ಇಂಗ್ಲೆಂಡ್‌ನ ಕ್ಲಬ್‌ಗಳೆಲ್ಲ ಕಂಪನಿಗಳೇ. ಅಲ್ಲಿನ ‘ಕಂಪನೀಸ್ ಹೌಸ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಕ್ಲಬ್‌ನ ಹೆಸರು ಹಾಕಿದರೆ ವಾರ್ಷಿಕ ವರದಿ ಪುಕ್ಕಟೆಯಾಗಿ ಸಿಗುತ್ತದೆ. ಯುನೈಟೆಡ್ 2012ರಿಂದ ನ್ಯೂಯಾರ್ಕ್ ಷೇರು ಮಾರುಕಟ್ಟೆಯಲ್ಲಿದೆ, ಹಾಗಾಗಿ ಅದು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತದೆ. ಕಲಿಯುವವರಿಗೆ ಅದೇ ಒಳ್ಳೆಯದು.

ಮೊದಲು ಆದಾಯದ ಮೂರು ಭಾಗ ನೋಡಿ. ಆಮೇಲೆ ಸಂಬಳವನ್ನು ಆದಾಯದಿಂದ ಭಾಗಿಸಿ. ಯುನೈಟೆಡ್‌ನದು 2024-25ರಲ್ಲಿ ಶೇ. 47. ಶೇ. 70 ದಾಟಿದ್ದರೆ ಕ್ಲಬ್ ಇಕ್ಕಟ್ಟಿನಲ್ಲಿದೆ ಎಂದು ತಿಳಿಯಿರಿ. ನಂತರ ಆಟಗಾರರ ಮಾರಾಟದ ಲಾಭ ತೆಗೆದುಬಿಟ್ಟರೆ ಏನು ಉಳಿಯುತ್ತದೆ ನೋಡಿ. ಕೊನೆಯ ಪುಟಗಳ ಟಿಪ್ಪಣಿಗಳನ್ನು ಬಿಡಬೇಡಿ. ಬೇರೆ ಕ್ಲಬ್‌ಗಳಿಗೆ ಕೊಡಬೇಕಾದ ಬಾಕಿ ಕಂತು, ಮಾಲೀಕರ ಸಾಲ, ಎಲ್ಲ ಅಲ್ಲೇ ಇರುತ್ತದೆ. ಆರ್ಸೆನಲ್‌ನ ವರ್ಷ ಮೇ 31ಕ್ಕೆ, ಯುನೈಟೆಡ್‌ನದು ಜೂನ್ 30ಕ್ಕೆ ಮುಗಿಯುತ್ತದೆ. ಎರಡನ್ನೂ ಹೋಲಿಸುವಾಗ ಆ ಒಂದು ತಿಂಗಳ ವ್ಯತ್ಯಾಸ ನೆನಪಿರಲಿ.